ರೇಷ್ಮೆ ಎಳೆಯಲ್ಲಿ ಅಳೆದ ಮಂಗಳದ ಹಿಮ

೧೯೮೮ರ ಮೇ ತಿಂಗಳ ಕೊನೆಯಲ್ಲಿ ನನ್ನ ಸೋದರಮಾವ ಚಿಂತಾಮಣಿಯಿಂದ ಶಿಡ್ಲಘಟ್ಟದ ನಮ್ಮ ಮನೆಗೆ ಬಂದಿಳಿದರು. ಹಳೆ ಸೀರೆ ಸುತ್ತಿದ ದಪ್ಪ ಕೊಳವೆಯೊಂದನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡೇ ಬಸ್ಸಿನಲ್ಲಿ ಅಷ್ಟು ದೂರ ಕೂತಿದ್ದರು. ಅದನ್ನು ಬಸ್ಸಿನ ಮೇಲೆ ಹಾಕಿ ಎಂದು ಕಂಡಕ್ಟರು ಹೇಳಿದಾಗ, "ಇದರೊಳಗೆ ನನ್ನ ಎರಡು ವರ್ಷ ಇದೆ ಕಣಪ್ಪ, ಮೇಲೆ ಹಾಕಕ್ಕಾಗಲ್ಲ" ಎಂದರಂತೆ. ಕಂಡಕ್ಟರಿಗೆ ಏನೂ ಅರ್ಥವಾಗಲಿಲ್ಲ. ಆದರೂ ಪಕ್ಕದಲ್ಲಿ ಕೂತಿದ್ದವರನ್ನು ಎಬ್ಬಿಸಿ ಜಾಗ ಮಾಡಿಕೊಟ್ಟನಂತೆ.

ಮಾವ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಿವೃತ್ತಿಯಾದ ವಾರದಲ್ಲೇ ಎರಡು ದಪ್ಪ ಗಾಜಿನ ಬಿಲ್ಲೆಗಳನ್ನು ಹೇಗೋ ಸಂಪಾದಿಸಿ, ಒಂದನ್ನು ಎಣ್ಣೆ ಡ್ರಮ್ಮಿನ ಮೇಲೆ ಭದ್ರಮಾಡಿ, ನಡುವೆ ಉಜ್ಜುವ ಪುಡಿಯನ್ನು ನೀರಿನೊಂದಿಗೆ ಹಾಕಿ, ಇನ್ನೊಂದನ್ನು ಅದರ ಮೇಲೆ ಆಡಿಸುತ್ತಾ ಡ್ರಮ್ಮಿನ ಸುತ್ತ ಪ್ರದಕ್ಷಿಣೆ ಹಾಕತೊಡಗಿದ್ದರು. ಎರಡು ವರ್ಷ ದಿನವೂ ಹಾಕಿದರು. ಅತ್ತೆ ಮೊದಮೊದಲು ಬೈದು, ಆಮೇಲೆ ಸುಮ್ಮನಾಗಿ, ಕೊನೆಗೆ ಬಂದವರಿಗೆಲ್ಲ "ಅವರು ಹಿಂದ್ಗಡೆ ಸುತ್ತುತಾ ಇದಾರೆ, ಕೂತ್ಕೊಳ್ಳಿ" ಎಂದು ಹೇಳುವಷ್ಟು ಒಗ್ಗಿಹೋಗಿದ್ದರು. ಉಜ್ಜಿ ಉಜ್ಜಿ ಮೇಲಿನ ಗಾಜು ಬಟ್ಟಲಿನಂತೆ ಕಂಡೂ ಕಾಣದಷ್ಟು ಗುಳಿಬಿತ್ತು. ಅದಕ್ಕೆ ಬೆಂಗಳೂರಿನಲ್ಲಿ ಹೊಳಪಿನ ಲೇಪ ಹಾಕಿಸಿ, ಕೊಳವೆಯ ತಳದಲ್ಲಿ ಕೂರಿಸಿದ್ದರು. ಹೀಗೆ ನಮ್ಮ ವಂಶದಲ್ಲಿ ಮೊದಲ ದುರ್ಬೀನು ಹುಟ್ಟಿತು. ಚಿಂತಾಮಣಿಯ ಅವರ ಮನೆ ಹೆಂಚಿನದು, ಸುತ್ತ ಹುಣಸೇಮರಗಳು. ನಮ್ಮದು ತಾರಸಿ ಮನೆ. ಅದಕ್ಕೇ ಅದನ್ನು ಇಲ್ಲಿಗೆ ಹೊತ್ತು ತಂದದ್ದು.

"ಈ ವರ್ಷ ಮಂಗಳ ಬಹಳ ಹತ್ರ ಬರ್ತಾನೆ ಕಣೇ," ಎಂದು ನೀರು ಕುಡಿಯುವ ಮೊದಲೇ ನನ್ನ ಮುಂದೆ ಕೂತರು. "ಅಲ್ಲೂ ಚಳಿಗಾಲ, ಬೇಸಿಗೆ ಎಲ್ಲಾ ಇದೆ. ಅವನ ದಕ್ಷಿಣ ಧ್ರುವದ ಮೇಲೆ ಚಳಿಗಾಲದಲ್ಲಿ ಕೂತ ಹಿಮ ಇನ್ನು ನಾಲ್ಕೈದು ತಿಂಗಳಲ್ಲಿ ಕರಗುತ್ತೆ. ಸುಮ್ಮನೆ ನೋಡೋದಲ್ಲ. ವಾರ ವಾರ ಎಷ್ಟು ಕರಗ್ತು ಅಂತ ಅಳೀಬೇಕು. ನೀನು ಸೈನ್ಸ್ ಟೀಚರು. ಅಳತೆ ನಿಂದು."

ನಾನು ಆಗ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಇಪ್ಪತ್ತಾರು ವಯಸ್ಸು. ನನ್ನ ಜಾತಕದಲ್ಲಿ ಕುಜದೋಷವಿದೆಯೆಂದು ಮೂರು ಗಂಡುಗಳ ಮನೆಯವರು ಹಿಂದೆ ಸರಿದಿದ್ದರು. ಕುಜ ಎಂದರೆ ಮಂಗಳನೇ. ಅಮ್ಮ ಅಡುಗೆಮನೆಯಿಂದ ಬಂದವಳು ಅಣ್ಣನ ಮಾತು ಕೇಳಿ ಬಾಗಿಲಲ್ಲೇ ನಿಂತಳು.

"ಅಣ್ಣಾ, ಅವನ ಕಣ್ಣು ಇವಳ ಮೇಲೆ ಬಿದ್ದು ಇಷ್ಟಾಗಿದೆ. ಈಗ ಇವಳೇ ಹೋಗಿ ಅವನನ್ನ ನೋಡ್ಬೇಕಾ?"

"ನೋಡ್ಲಿ ಬಿಡಮ್ಮ. ಎದುರಿಗೆ ನಿಂತು ನೋಡಿದ್ರೆ ಅವನೇ ನಾಚ್ಕೊಂಡು ಹೋಗ್ತಾನೆ," ಎಂದರು ಮಾವ.

ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ತಮ್ಮ ನಿದ್ದೆಗೆ ತೊಂದರೆಯಾಗದಿದ್ದರೆ ಯಾವ ಗ್ರಹವಾದರೂ ಸರಿ ಎಂದರು. ಅಲ್ಲಿಗೆ ಒಪ್ಪಿಗೆ ಸಿಕ್ಕಂತಾಯಿತು.

ಜೂನ್ ತಿಂಗಳಲ್ಲಿ ಮಂಗಳ ಚೆನ್ನಾಗಿ ಮೇಲೇರುವುದು ಬೆಳಗಿನ ಜಾವಕ್ಕೆ. ನಾಲ್ಕೂವರೆಗೆ ಎದ್ದು ತಾರಸಿಗೆ ಹೋದೆವು. ಮೊದಲ ಸಲ ಕಣ್ಣಿಟ್ಟಾಗ ನನಗೆ ಕಂಡದ್ದು ನಡುಗುವ ಒಂದು ಕಿತ್ತಳೆ ಬಟ್ಟು. ಈ ಬಗೆಯ ದುರ್ಬೀನಿನಲ್ಲಿ ಬಿಂಬ ತಲೆಕೆಳಗಾಗುವುದರಿಂದ ದಕ್ಷಿಣ ಮೇಲ್ಗಡೆ ಇರುತ್ತದೆ. ಅದರ ನೆತ್ತಿಯ ಮೇಲೆ ಯಾರೋ ಚಿಟಿಕೆ ಸುಣ್ಣ ಒತ್ತಿದಂತೆ ಬಿಳಿ. ಎಷ್ಟು ಬಿಳುಪೆಂದರೆ ಉಳಿದ ಗ್ರಹ ಮಂಕಾಗಿ ಕಾಣುತ್ತಿತ್ತು. ಅದು ಹಿಮ, ಅಲ್ಲಿ ಈಗ ವಸಂತ ಎಂದು ಯೋಚಿಸಿದ ಕೂಡಲೇ ನನಗೆ ನಗು ಬಂತು. ಏಕೆಂದು ಇಂದಿಗೂ ಗೊತ್ತಿಲ್ಲ. ನಕ್ಕಿದ್ದಕ್ಕೆ ಕೊಳವೆ ಅಲುಗಿ ಮಂಗಳ ತಪ್ಪಿಹೋಯಿತು. ಮಾವ ಬೈಯುತ್ತಾ ಮತ್ತೆ ಹುಡುಕಿದರು, ಅವರಿಗೂ ನಗು ಬಂದು ಮತ್ತೆ ತಪ್ಪಿತು.

ಅಷ್ಟರಲ್ಲಿ ತೆಂಕಣ ದಿಕ್ಕಿನಿಂದ ದಟ್ಟ ಹೊಗೆ ಎದ್ದು ಎಲ್ಲವನ್ನೂ ನುಂಗಿತು.

ಹೊಗೆ ಬಂದದ್ದು ಪಕ್ಕದ ಮನೆಯ ನೂಲು ಬಿಚ್ಚುವ ಶೆಡ್ಡಿನಿಂದ. ಅದನ್ನು ನಡೆಸುತ್ತಿದ್ದವರನ್ನು ನಾನು ಚಿಕ್ಕಂದಿನಿಂದ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆ. ಐವತ್ತರ ಆಸುಪಾಸಿನ ಹೆಂಗಸು. ಗಂಡ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗಿ ರೇಷ್ಮೆ ಗೂಡು ತರುತ್ತಿದ್ದರು. ಅದನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆ ಹಿಡಿದು, ಚರಕಕ್ಕೆ ಸುತ್ತಿಸುವ ಕೆಲಸವೆಲ್ಲ ಖಾಲಾ ಅವರದು. ಬೆಳಗ್ಗೆ ನಾಲ್ಕೂವರೆಗೆ ಒಲೆ ಹಚ್ಚಿದರೆ ಆರಕ್ಕೆ ಚರಕ ತಿರುಗಬೇಕು.

ಮಾವ ತಾರಸಿಯ ಗೋಡೆಯ ಮೇಲಿಂದ ಬಗ್ಗಿ, "ಅಮ್ಮಾ, ಒಂದರ್ಧ ಗಂಟೆ ತಡವಾಗಿ ಹಚ್ಚಕ್ಕಾಗುತ್ತಾ?" ಎಂದು ಕೇಳಿದರು.

"ಯಾಕ್ರಿ ಮೇಷ್ಟ್ರೆ?"

"ಮಂಗಳ ಗ್ರಹದಲ್ಲಿ ಹಿಮ ಕರಗ್ತಾ ಇದೆ. ನೋಡಕ್ಕಾಗ್ತಿಲ್ಲ."

ಖಾಲಾ ಸೌದೆಯನ್ನು ಕೈಯಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ಮೇಲೆ ನೋಡಿದರು. "ನನ್ನ ಒಲೆ ಬಿಸಿಗಾ?" ಎಂದರು.

ನಾನು ಮೇಲೆ ಬನ್ನಿ ಖಾಲಾ ಎಂದು ಕರೆದೆ. ಅವರು ಕೈ ಒರೆಸಿಕೊಂಡು, ದುಪಟ್ಟಾ ಸರಿಮಾಡಿಕೊಂಡು ಮೆಟ್ಟಿಲು ಹತ್ತಿ ಬಂದರು. ಹೊಗೆ ತಿಳಿಯಾದ ಮೇಲೆ ಕಣ್ಣಿಟ್ಟರು. ನಾವಿಬ್ಬರೂ ಎರಡು ನಿಮಿಷ ಹುಡುಕಾಡಿ ಕಾಣುತ್ತಿದ್ದುದನ್ನು ಅವರು ಕಣ್ಣಿಟ್ಟ ಕ್ಷಣವೇ ಹಿಡಿದರು.

"ಬೆಳ್ಳಗಿದೆ. ಅಂಚು ಒಂದೇ ಸಮ ಇಲ್ಲ. ಎಡಗಡೆ ಒಂದು ಕಚ್ಚು ಇದೆ."

ಮಾವ ಅವರನ್ನು ಸರಿಸಿ ತಾವು ನೋಡಿದರು. ಬಹಳ ಹೊತ್ತು ನೋಡಿದರು. "ಇದೆ," ಎಂದರು ನನ್ನ ಕಡೆ ತಿರುಗಿ. "ಚೂಡು, ನಿಜವಾಗ್ಲೂ ಇದೆ." ಖುಷಿಯಾದಾಗ ಅವರಿಗೆ ಮನೆಯ ತೆಲುಗು ತಾನಾಗಿ ಬಾಯಿಗೆ ಬರುತ್ತಿತ್ತು.

ಕುದಿಯುವ ನೀರಿನಲ್ಲಿ ತೇಲುವ ಗೂಡಿನ ಮೇಲೆ ಕಣ್ಣಿಗೆ ಕಾಣದಂಥ ಎಳೆಯ ತುದಿಯನ್ನು ಮೂವತ್ತು ವರ್ಷದಿಂದ ಹುಡುಕಿ ಹಿಡಿದ ಕಣ್ಣು ಅದು. ಅಂದಿನಿಂದ ಒಲೆ ಐದು ಗಂಟೆಗೆ ಹಚ್ಚುವುದೆಂದಾಯಿತು. ಆದರೆ ಅದಕ್ಕೊಂದು ಷರತ್ತು. ಆ ಅರ್ಧ ಗಂಟೆ ಖಾಲಾ ಕೂಡ ತಾರಸಿಯ ಮೇಲೆ ಇರುತ್ತಾರೆ.

ನೋಡುವುದೇನೋ ಆಯಿತು, ಅಳೆಯುವುದು ಹೇಗೆ? ಶಾಲೆಯ ಪ್ರಯೋಗಶಾಲೆಯಲ್ಲಿ ಮೂರು ಸ್ಕ್ರೂಗೇಜುಗಳಿದ್ದವು, ತಂತಿಯ ದಪ್ಪ ಅಳೆಯುವ ಸಾಧನ. ಎರಡು ತುಕ್ಕು ಹಿಡಿದಿದ್ದವು. ಮೂರನೆಯದನ್ನು ಮುಖ್ಯೋಪಾಧ್ಯಾಯಿನಿಯ ಅನುಮತಿ ಪಡೆದು ಮನೆಗೆ ತಂದೆ. ಮಾವ ಅಕ್ಕಸಾಲಿಗರ ಹತ್ತಿರ ಪುಟ್ಟ ಹಿತ್ತಾಳೆ ಚೌಕಟ್ಟು ಮಾಡಿಸಿದರು. ಅದರಲ್ಲಿ ಒಂದು ಎಳೆ ಕದಲದಂತೆ, ಇನ್ನೊಂದು ಎಳೆ ಸ್ಕ್ರೂಗೇಜು ತಿರುಗಿಸಿದಂತೆ ಹಿಂದೆ ಮುಂದೆ ಸರಿಯುವಂತೆ. ಬಾಲ್‌ಪೆನ್ನಿನ ಸ್ಪ್ರಿಂಗು ಅದನ್ನು ಹಿಂದಕ್ಕೆ ಒತ್ತುತ್ತಿತ್ತು. ಈ ಚೌಕಟ್ಟನ್ನು ಕಣ್ಣಿಡುವ ಮಸೂರದ ಮುಂದೆ ಕೂರಿಸಿದರೆ ಮಂಗಳದ ಬಿಂಬದ ಮೇಲೆ ಎರಡು ಗೆರೆ ಎಳೆದಂತೆ ಕಾಣಬೇಕು. ಹಿಮದ ಒಂದು ಅಂಚಿಗೆ ಒಂದು ಎಳೆ, ಇನ್ನೊಂದು ಅಂಚಿಗೆ ಇನ್ನೊಂದು, ನಡುವಿನ ದೂರ ತನ್ನ ಮೇಲೆ ಕೊರೆದ ಎಷ್ಟು ಗೆರೆ ಎಂದು ಸ್ಕ್ರೂಗೇಜು ಹೇಳಬೇಕು. ಉಪಾಯ ಹಳೆಯದೇ. ನಾವು ಅದನ್ನು ನಾವೇ ಕಂಡುಹಿಡಿದವರಂತೆ ಎರಡು ದಿನ ಬೀಗಿದೆವು.

ಮೊದಲು ನನ್ನ ತಲೆಕೂದಲು ಹಾಕಿ ನೋಡಿದೆವು. ಅರ್ಧ ಮಂಗಳ ಕೂದಲ ಹಿಂದೆ ಮಾಯವಾಯಿತು. ಆ ಬಿಂಬ ಅಷ್ಟು ಚಿಕ್ಕದೆಂದು ನಮಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಖಾಲಾ ನಗುತ್ತಾ ಇಳಿದುಹೋಗಿ ಚರಕದಿಂದ ಒಂದು ಮಾರು ಹಸಿ ರೇಷ್ಮೆ ತಂದರು. ಅದೂ ಹಗ್ಗದ ಹಾಗೆ ಕಂಡಿತು.

"ಇದು ಒಂದಲ್ಲ ಟೀಚರಮ್ಮ," ಎಂದರು ಖಾಲಾ. "ಎಂಟು ಗೂಡಿನ ಎಂಟು ಎಳೆ ಸೇರಿಸಿ ತೆಗೀತೀವಿ. ಒಂದೇ ಗೂಡಿಂದು ಬೇಕಂದ್ರೆ ಬೇರೆ ತರಬೇಕು."

ಮರುದಿನ ಒಂದೇ ಗೂಡಿನ ಎಳೆ ಬಂತು. ಬೆರಳ ನಡುವೆ ಇದೆಯೋ ಇಲ್ಲವೋ ತಿಳಿಯದಂಥದ್ದು. ಚೌಕಟ್ಟಿಗೆ ಅಂಟಿಸಿ ನೋಡಿದರೆ ವಾಸಿ, ಆದರೂ ಹಿಮದ ಅಂಚನ್ನು ದಪ್ಪ ಪೆನ್ಸಿಲಿನಿಂದ ಬರೆದ ಹಾಗಿತ್ತು. ಮಾವ ತಲೆ ಮೇಲೆ ಕೈ ಹೊತ್ತು ಕೂತರು.

ಖಾಲಾ ಕೂರಲಿಲ್ಲ. "ಹುಳು ಎಳೆ ಬಿಡೋದೇ ಎರಡು ಬಾಯಿಂದ, ಮೇಷ್ಟ್ರೆ. ಎರಡನ್ನೂ ಅಂಟು ಹಿಡ್ಕೊಂಡಿರುತ್ತೆ. ಅಂಟು ಬಿಡಿಸಿದ್ರೆ ಒಂದು ಎರಡಾಗುತ್ತೆ. ಬಣ್ಣ ಹಾಕೋರು ಸಾಬೂನು ನೀರಲ್ಲಿ ಕುದಿಸಿ ಬಿಡಿಸ್ತಾರೆ."

ಆ ಭಾನುವಾರ ಅವರ ಅಡುಗೆಮನೆಯಲ್ಲಿ ಪುಟ್ಟ ಪಾತ್ರೆಯಲ್ಲಿ ಸಾಬೂನಿನ ಚೂರು, ಸೋಡಾ, ಒಂದು ಎಳೆ. ನಾವು ಮೂವರೂ ಪಾತ್ರೆಯ ಸುತ್ತ ಬಗ್ಗಿ ನಿಂತಿದ್ದೆವು. ಖಾಲಾ ಅವರ ಯಜಮಾನರು ಬಾಗಿಲಲ್ಲಿ ಇಣುಕಿ, ಊಟಕ್ಕೆ ಏನು ಬೇಯುತ್ತಿದೆ ಎಂದು ಕೇಳಿದರು. "ಮಂಗಳಕ್ಕೆ ದಾರ," ಎಂದರು ಖಾಲಾ ತಲೆ ಎತ್ತದೆ. ಅವರು ಮತ್ತೇನೂ ಕೇಳದೆ ಹೊರಟುಹೋದರು. ಎಳೆಯನ್ನು ಕರಿ ಬಟ್ಟೆಯ ಮೇಲೆ ಹರಡಿ, ನನ್ನ ಭೂತಗನ್ನಡಿಯ ಕೆಳಗೆ, ಒದ್ದೆ ಬೆರಳ ತುದಿಯಿಂದ ಖಾಲಾ ಸೀಳತೊಡಗಿದರು. ಕಿತ್ತುಹೋಯಿತು. ಮತ್ತೊಂದು ಕುದಿಸಿದೆವು, ಅದೂ ಹೋಯಿತು. ಸಂಜೆ ಆಸರ್ ನಮಾಜಿಗೆ ಎದ್ದುಹೋಗಿ ಬಂದು ಮತ್ತೆ ಕೂತರು. ಕೊನೆಗೆ ಉಸಿರು ಬಿಗಿಹಿಡಿದು ಕೈ ಎರಡೂ ಕಡೆ ಸರಿಸಿದರು. ನಮಗೆ ಏನೂ ಕಾಣಲಿಲ್ಲ. "ಇದೊಂದು, ಇದೊಂದು," ಎಂದರು ಅವರು, ಬರಿಗೈ ತೋರಿಸಿದಂತೆ. ಕಿಟಕಿಯ ಬೆಳಕಿಗೆ ಹಿಡಿದಾಗ ಎರಡು ಮಿಂಚು ಕಂಡವು.

ಮರುದಿನ ಬೆಳಗಿನ ಜಾವ ಮಂಗಳದ ಮೇಲೆ ಎರಡು ಸಣ್ಣ ಕರಿ ಗೆರೆಗಳು ಅಚ್ಚುಕಟ್ಟಾಗಿ ಬಿದ್ದಿದ್ದವು. ಮಾವ ತಾರಸಿಯ ಆ ತುದಿಯವರೆಗೆ ನಡೆದುಹೋಗಿ, ಅಲ್ಲಿ ಒಬ್ಬರೇ ಸ್ವಲ್ಪ ಹೊತ್ತು ಕುಣಿದು, ಗಂಭೀರವಾಗಿ ಹಿಂದಿರುಗಿದರು.

ಆದರೆ ಭೂಮಿ ತಿರುಗುವುದರಿಂದ ಮಂಗಳ ಒಂದು ಕಡೆ ನಿಲ್ಲುವುದಿಲ್ಲ, ನೋಡುತ್ತಿದ್ದಂತೆ ಪಕ್ಕಕ್ಕೆ ಜಾರುತ್ತದೆ. ಅದರ ಜೊತೆಗೇ ಕೊಳವೆಯನ್ನು ನಿಧಾನವಾಗಿ ತಿರುಗಿಸಲು ಮಾವ ಒಂದು ಹಿಡಿ ಮಾಡಿಟ್ಟಿದ್ದರು. ಮಾವ ಹಿಡಿ ತಿರುಗಿಸುವುದು, ಖಾಲಾ ನೋಡುತ್ತಾ ಎಳೆ ಸರಿಸುವುದು, ನಾನು ಕೆಂಪು ಕಾಗದ ಸುತ್ತಿದ ಟಾರ್ಚಿನಲ್ಲಿ ಸ್ಕ್ರೂಗೇಜು ಓದಿ ಬರೆದುಕೊಳ್ಳುವುದು ಎಂದು ಕೆಲಸ ಹಂಚಿಕೊಂಡೆವು. ಮೊದಲ ದಿನವೇ ಮಾವನ ಕೆಲಸಕ್ಕೆ ದೂರು ಬಂತು.

"ಮೇಷ್ಟ್ರೆ, ಜಗ್ಗಬೇಡ್ರಿ. ಹಿಂಗೆ ತಿರುಗಿಸಿದ್ರೆ ಚರಕದಲ್ಲಿ ಎಳೆ ಕಿತ್ತೋಗುತ್ತೆ. ಒಂದೇ ಸಮ ತಿರುಗಿಸ್ಬೇಕು."

"ಒಂದೇ ಸಮ ತಿರುಗಿಸ್ತಾ ಇದೀನಲ್ಲಮ್ಮ."

"ಖುಷಿ ಆದಾಗೆಲ್ಲ ಜೋರಾಗುತ್ತೆ."

ಅದು ನಿಜವಾಗಿತ್ತು. ಕೊನೆಗೆ ಖಾಲಾ ಅವರನ್ನು ಒಂದು ವಾರ ತಮ್ಮ ಶೆಡ್ಡಿಗೆ ಕರೆದುಕೊಂಡುಹೋಗಿ ಚರಕದ ಹಿಡಿಗೆ ನಿಲ್ಲಿಸಿದರು. ಮೂವತ್ತು ವರ್ಷ ಮಕ್ಕಳಿಗೆ ಕೈತಿದ್ದಿದ ಮೇಷ್ಟ್ರು ಬೆಳಗ್ಗೆ ಆರರಿಂದ ಏಳರವರೆಗೆ ಹಬೆಯ ನಡುವೆ, ಬೆಂದ ಹುಳುವಿನ ವಾಸನೆಯಲ್ಲಿ, ಎಳೆ ಕಿತ್ತುಹೋಗದಂತೆ ಚರಕ ತಿರುಗಿಸುವುದನ್ನು ಕಲಿತರು. ಕೆಲಸದ ಹೆಂಗಸರು ಅವರ ಎಳೆ ಎಷ್ಟು ಸಲ ಕಿತ್ತುಹೋಗುತ್ತದೆಂದು ಬಾಜಿ ಕಟ್ಟಿ ಆಟವಾಡಿಸುತ್ತಿದ್ದರು. ಏಳನೆಯ ದಿನ ಒಂದು ಸಲವೂ ಎಳೆ ಕಿತ್ತುಹೋಗಲಿಲ್ಲ. ಅವರು ಆ ಸಂಗತಿಯನ್ನು ಅತ್ತೆಗೆ ಕಾಗದ ಬರೆದು ತಿಳಿಸಿದರು.

ಜುಲೈ ಅರ್ಧಕ್ಕೆ ನಮ್ಮ ಅಳತೆಗಳನ್ನು ಗ್ರಾಫ್ ಹಾಳೆಯ ಮೇಲೆ ಹಾಕಿದೆ. ಆರು ಗೆರೆ ಇದ್ದದ್ದು ಆರೂವರೆಯಾಗಿ, ಏಳಾಗಿತ್ತು. ಹಿಮ ಕರಗುತ್ತಿರಲಿಲ್ಲ. ಬೆಳೆಯುತ್ತಿತ್ತು.

ಮಾವ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಋತು ತಪ್ಪಿ ಲೆಕ್ಕ ಹಾಕಿದೆವೇ, ಅಲ್ಲಿ ಈಗ ಚಳಿಗಾಲವೇ, ಅಥವಾ ಸ್ಕ್ರೂಗೇಜು ಕೆಟ್ಟಿದೆಯೇ? ನಾನು ತಂತಿಯ ಚೂರು ಇಟ್ಟು ಸ್ಕ್ರೂಗೇಜು ಪರೀಕ್ಷಿಸಿದೆ, ಅದು ಸರಿಯಾಗಿಯೇ ಇತ್ತು. ಎರಡು ದಿನ ನಾವಿಬ್ಬರೂ ಮಂಕು ಹಿಡಿದವರಂತೆ ಓಡಾಡಿದೆವು. ಅಮ್ಮನಿಗೆ ಒಳಗೊಳಗೇ ಸಮಾಧಾನವಾದಂತಿತ್ತು. ಮೂರನೆಯ ದಿನ ತಾರಸಿಯ ಮೇಲೆ ಖಾಲಾಗೆ ವಿಷಯ ಹೇಳಿದೆ.

"ಬೆಳೀತಿರೋದು ಹಿಮ ಅಲ್ಲ," ಎಂದರು ಅವರು ಕಣ್ಣು ತೆಗೆಯದೆ. "ಪೂರಾ ಗೂಡೇ ದೊಡ್ಡದಾಗಿದೆ. ಮೊದಲು ಬಂದಾಗ ಇಷ್ಟೇ ಇತ್ತು. ಹತ್ರ ಬರ್ತಾ ಇದಾನೆ ಅಂತ ಮೇಷ್ಟ್ರೇ ಹೇಳಿದ್ರಲ್ಲ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗ್ರಹ ಹತ್ತಿರ ಬಂದಂತೆ ಬಿಂಬ ದೊಡ್ಡದಾಗುತ್ತದೆ, ಅದರ ಮೇಲಿನ ಹಿಮವೂ ದೊಡ್ಡದಾಗಿ ಕಾಣುತ್ತದೆ. ಹಿಮವನ್ನಷ್ಟೇ ಅಳೆದರೆ ಸಾಲದು, ಇಡೀ ಬಿಂಬವನ್ನೂ ಅಳೆದು, ಅದರಲ್ಲಿ ಹಿಮ ಎಷ್ಟು ಪಾಲು ಎಂದು ಭಾಗಿಸಬೇಕು.

"ಮೂವತ್ತು ವರ್ಷ," ಎಂದರು ಮಾವ ಹಿಡಿಯನ್ನು ಬಿಟ್ಟು. "ಮೂವತ್ತು ವರ್ಷ ಪರ್ಸ್‌ಪೆಕ್ಟಿವ್ ಹೇಳಿಕೊಟ್ಟೋನು ನಾನು. ದೂರದ್ದು ಚಿಕ್ಕದು, ಹತ್ರದ್ದು ದೊಡ್ಡದು ಅಂತ ಬೋರ್ಡಿನ ಮೇಲೆ ರೈಲು ಕಂಬಿ ಬರೆದೋನು."

"ನಾನು ಬಿಎಸ್ಸಿ ಮಾವ," ಎಂದೆ.

ಆಮೇಲೆ ನಮಗೆ ನಗು ತಡೆಯಲಾಗಲಿಲ್ಲ. ಪುಣ್ಯಕ್ಕೆ ಮೊದಲ ದಿನಗಳಿಂದಲೂ ಬಿಂಬದ ಅಳತೆಯನ್ನೂ ಅಭ್ಯಾಸಕ್ಕೆಂದು ಬರೆದಿಟ್ಟುಕೊಂಡಿದ್ದೆ. ಕೆಳಗೆ ಓಡಿ ಭಾಗಿಸಿದೆ. ಜೂನಿನಲ್ಲಿ ಬಿಂಬದ ಅರ್ಧದಷ್ಟಿದ್ದ ಹಿಮ ಈಗ ಅರ್ಧಕ್ಕಿಂತ ಸಾಕಷ್ಟು ಕಡಿಮೆ. ಚುಕ್ಕೆಗಳು ಒಂದರ ಕೆಳಗೊಂದು ಇಳಿಯುತ್ತಾ ಬಂದವು. ಹಿಮ ಕರಗುತ್ತಿತ್ತು.

ಆಮೇಲೆ ಮೋಡದ ಕಾಟ. ವಾರಗಟ್ಟಲೆ ಮಂಗಳನ ಮುಖ ಕಾಣಲಿಲ್ಲ. ಖಾಲಾ ಮುರುಗಮಲ್ಲದ ದರ್ಗಾಕ್ಕೆ ಹೊರಟಿದ್ದಾಗ ಮಾವ ಬಾಗಿಲವರೆಗೆ ಹೋಗಿ, "ಮೋಡ ಸರಿಲಿ ಅಂತ ಒಂದು ಮಾತು ಹೇಳಿ ಬನ್ನಿ" ಎಂದರು. "ಹಂಗಂದ್ರೆ ರೈತರು ನನ್ನ ಬಿಡ್ತಾರಾ? ಬೆಳಗ್ಗೆ ನಾಲ್ಕೂವರೆಯಿಂದ ಐದರವರೆಗೆ ಮಾತ್ರ ಸರಿಲಿ ಅಂತ ಕೇಳ್ತೀನಿ," ಎಂದರು ಖಾಲಾ. ಹಾಗೆಯೇ ಕೇಳಿದರೆಂದು ಕಾಣುತ್ತದೆ. ಆಗಸ್ಟ್ ಮೊದಲ ವಾರದಲ್ಲಿ ಒಂದು ಬೆಳಗಿನ ಜಾವ ಆಕಾಶ ತೊಳೆದಿಟ್ಟಂತೆ ತೆರೆದುಕೊಂಡಿತು.

ಅಂದು ಖಾಲಾ ಕಣ್ಣಿಟ್ಟವರು ಎಳೆ ಸರಿಸುತ್ತಿದ್ದ ಕೈಯನ್ನು ನಡುವೆಯೇ ನಿಲ್ಲಿಸಿದರು. ನಾನು ಪೆನ್ಸಿಲು ಹಿಡಿದು ಕಾಯುತ್ತಿದ್ದೆ.

"ತುಂಡಾಗಿದೆ," ಎಂದರು.

"ಎಳೆನಾ?" ಮಾವ ಗಾಬರಿಯಾದರು.

"ಎಳೆ ಅಲ್ಲ. ಹಿಮ. ಒಂದು ಚೂರು ಆಚೆ ನಿಂತಿದೆ."

ಮಾವ ನೋಡಿದರು. ದೊಡ್ಡ ಬಿಳಿಯ ಪಕ್ಕದಲ್ಲಿ, ನಡುವೆ ಕಪ್ಪು ಸಂದು ಬಿಟ್ಟು, ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ. ಮಸೂರದ ಮೇಲಿನ ಧೂಳಿರಬೇಕೆಂದು ಅವರು ವಾದಿಸಿದರು. ಧೂಳಾದರೆ ಮಸೂರ ತಿರುಗಿಸಿದಾಗ ಅದೂ ತಿರುಗಬೇಕು ಎಂದೆ. ತಿರುಗಿಸಿದೆವು. ಚುಕ್ಕೆ ಹಿಮದ ಪಕ್ಕ ಅಲ್ಲಾಡದೆ ನಿಂತಿತ್ತು. ನನ್ನ ಸರದಿ ಬಂದಾಗ ನಾನೂ ನೋಡಿದೆ. ಕೋಟ್ಯಂತರ ಮೈಲಿ ದೂರದ ಒಂದು ಬಯಲಿನಲ್ಲಿ ಸುತ್ತಲ ಹಿಮವೆಲ್ಲ ಹೋದರೂ ತಾನು ಹೋಗೆನೆಂದು ಉಳಿದ ಒಂದು ಚೂರು. ಅದನ್ನು ಮೊದಲು ಕಂಡದ್ದು ನಮ್ಮ ಪಕ್ಕದ ಮನೆಯವರು. ಮಾವ ಈ ಸಲ ತಾರಸಿಯ ತುದಿಗೆ ಹೋಗುವಷ್ಟೂ ತಾಳದೆ ನಿಂತಲ್ಲೇ ಕುಣಿದರು. ಕೆಳಗೆ ಅಪ್ಪ ಎದ್ದು ಸೂರು ಬೀಳುತ್ತಿದೆಯೆಂದು ಅಮ್ಮನನ್ನು ಎಬ್ಬಿಸಿದರು. ಆ ದಿನ ಒಲೆ ಹಚ್ಚಿದ್ದು ಆರು ಗಂಟೆಗೆ.

ಸೆಪ್ಟೆಂಬರ್ ಹೊತ್ತಿಗೆ ಮಂಗಳ ರಾತ್ರಿ ಊಟದ ಹೊತ್ತಿಗೇ ಮೂಡಣದಲ್ಲಿ ಸಿಗತೊಡಗಿತು, ಎಲ್ಲರಿಗೂ ಅನುಕೂಲವಾಯಿತು. ಅಮ್ಮ ಕೂಡ ಒಂದು ಸಂಜೆ ಬಂದು ನೋಡಿ, "ಇಷ್ಟು ಮುದ್ದಾಗಿದಾನಾ ಇವನು?" ಎಂದು ನಿರಾಶೆಯಿಂದ ಕೇಳಿದಳು. ಹಿಮ ಕರಗುತ್ತಾ ಅಕ್ಟೋಬರಿನಲ್ಲಿ ಕಡಲೆಬೇಳೆಯಂತಾಗಿ, ನವೆಂಬರಿನಲ್ಲಿ ಸಾಸಿವೆಯಂತಾಯಿತು. ಎಳೆಗಳ ನಡುವೆ ಇನ್ನು ಅಳೆಯಲು ಜಾಗವಿಲ್ಲದಾದಾಗ ನಿಲ್ಲಿಸಿದೆವು.

ಗ್ರಾಫನ್ನು ಬೆಂಗಳೂರಿನ ಒಂದು ಹವ್ಯಾಸಿ ಖಗೋಳ ಸಂಘಕ್ಕೆ ಕಳಿಸಿದೆ. ಡಿಸೆಂಬರಿನ ಒಂದು ಭಾನುವಾರ ಬಂದು ವಿವರಿಸಿ ಎಂದು ಕಾಗದ ಬಂತು. ಮಾವ ಹಳೆಯ ಕೋಟನ್ನು ಇಸ್ತ್ರಿ ಮಾಡಿಸಿದರು. ಖಾಲಾಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಬಸ್ಸು ಎಷ್ಟು ಗಂಟೆಗೆ?"

ಕಾಲೇಜೊಂದರ ಕೋಣೆಯಲ್ಲಿ ಮೂವತ್ತು ಜನರಿದ್ದರು. ಮುಂದಿನ ಸಾಲಿನಲ್ಲಿ ನಿವೃತ್ತ ಭೌತಶಾಸ್ತ್ರ ಪ್ರೊಫೆಸರೊಬ್ಬರು, ಕೈಯಲ್ಲಿ ಕಾಗದದ ಸುರುಳಿ. ನಾನು ಗ್ರಾಫು ಹರಡಿ ಮಾತಾಡಿದೆ. ಎಳೆಯ ವಿಷಯ ಬಂದಾಗ ಹಿಂದಿನಿಂದ ಒಬ್ಬ ಯುವಕ, ಇಂಥ ಕೆಲಸಕ್ಕೆ ಜೇಡರ ಎಳೆ ಇನ್ನೂ ಸಣ್ಣದು, ಅದನ್ನೇಕೆ ಬಳಸಲಿಲ್ಲ ಎಂದು ಕೇಳಿದ. ನಾನು ಖಾಲಾ ಕಡೆ ತಿರುಗಿದೆ. ಬುರ್ಖಾದ ಮುಸುಕನ್ನು ಹಿಂದಕ್ಕೆ ಸರಿಸಿಕೊಂಡು ಖಾಲಾ ಎದ್ದು ನಿಂತರು.

"ಜೇಡ ನಮ್ಮ ಮಾತು ಕೇಳಲ್ಲಪ್ಪ," ಎಂದರು.

ಕೋಣೆಯೆಲ್ಲ ನಕ್ಕಿತು. ಅವರು ನಗಲಿಲ್ಲ, ಅದು ಅವರ ಪ್ರಾಮಾಣಿಕ ಉತ್ತರವಾಗಿತ್ತು. ಆಮೇಲೆ ಕೈಚೀಲದಿಂದ ಕರಿ ಬಟ್ಟೆ ತೆಗೆದು ಎಳೆ ಸೀಳುವುದನ್ನು ಮಾಡಿ ತೋರಿಸಿದರು. ಆ ಯುವಕ ಹತ್ತಿರ ಬಂದು ಮಂಡಿಯೂರಿ ಕೂತು ನೋಡಿದ.

ಪ್ರೊಫೆಸರು ಎದ್ದು ಮೇಜಿನ ಹತ್ತಿರ ಬಂದರು. ತಮ್ಮ ಸುರುಳಿ ಬಿಚ್ಚಿದರು. ಹಳದಿಯಾದ ಟ್ರೇಸಿಂಗ್ ಕಾಗದ. ೧೯೭೧ರಲ್ಲಿ ಮಂಗಳ ಇಷ್ಟೇ ಹತ್ತಿರ ಬಂದಾಗ, ತಾವು ಇನ್ನೂ ಉಪನ್ಯಾಸಕರಾಗಿದ್ದ ಕಾಲದಲ್ಲಿ ಇದೇ ಹಿಮವನ್ನು ಅಳೆದಿದ್ದಾಗಿ ಹೇಳಿದರು. ನಮ್ಮ ಗ್ರಾಫಿನ ಮೇಲೆ ಅದನ್ನು ಹರಡಿ, ಮಂಗಳದ ಋತುಗಳು ಕೂಡಿಬರುವಂತೆ ಪಕ್ಕಕ್ಕೆ ಸರಿಸಿದರು. ಹದಿನೇಳು ವರ್ಷದ ಹಿಂದಿನ ಗೆರೆ ನಮ್ಮ ಚುಕ್ಕೆಗಳ ಮೇಲೆ ಹಾದುಹೋಯಿತು. ಆ ಒಂಟಿ ಚೂರನ್ನೂ ಅವರು ಬರೆದಿಟ್ಟಿದ್ದರು.

"ಇದು ಪ್ರತಿ ವರ್ಷ ಇಲ್ಲೇ ಕಳಚಿಕೊಳ್ಳುತ್ತೆ. ಮಂಗಳದ ವರ್ಷ, ಅಂದರೆ ನಮಗೆ ಹೆಚ್ಚುಕಡಿಮೆ ಎರಡು," ಎಂದರು. "ನಮಗಿಂತ ಬಹಳ ಹಿಂದೆಯೇ ಕಂಡವರಿದ್ದಾರೆ."

ನಾವೇ ಮೊದಲಿಗರಲ್ಲವೆಂದು ಮಾವ ಪೆಚ್ಚಾಗುತ್ತಾರೆಂದುಕೊಂಡೆ. ಅವರ ಮುಖ ಅರಳಿಹೋಗಿತ್ತು. "ಹಾಗಾದ್ರೆ ನಾವು ನೋಡಿದ್ದು ನಿಜ," ಎಂದರು.

"ಅಲ್ಲೇ ಯಾಕೆ ಉಳಿಯುತ್ತೆ?" ಖಾಲಾ ಕೇಳಿದರು. "ಗುಡ್ಡ ಇದೆಯಾ? ನಮ್ಮ ಅಂಗಳದಲ್ಲೂ ಒಂದು ಮೂಲೆ ಕೊನೇಗೇ ಒಣಗೋದು."

"ಗುಡ್ಡ ಅಂತ ಕೆಲವರು, ಇಳಿಜಾರು ಅಂತ ಕೆಲವರು. ನನಗೆ ಸರಿಯಾಗಿ ಗೊತ್ತಿಲ್ಲಮ್ಮ," ಎಂದರು ಪ್ರೊಫೆಸರು. ಆಮೇಲೆ ತಮ್ಮ ಗೆರೆಯ ತುದಿ ತೋರಿಸಿದರು. ಅದು ಹಾಳೆಯ ನಡುವೆಯೇ ನಿಂತುಹೋಗಿತ್ತು. ಆ ವರ್ಷ ಧೂಳಿನ ಬಿರುಗಾಳಿಯೊಂದು ಎದ್ದು ಇಡೀ ಗ್ರಹವನ್ನೇ ಮುಚ್ಚಿತಂತೆ. ತಿಂಗಳುಗಟ್ಟಲೆ ಯಾರಿಗೂ ಏನೂ ಕಾಣಲಿಲ್ಲವಂತೆ. ಅಲ್ಲಿಂದ ಮುಂದೆ ಹಿಮ ಕರಗಿದ್ದು ಅವರಿಗೆ ಅಳೆಯಲು ಸಿಕ್ಕಿರಲಿಲ್ಲ.

"ನಿಮ್ಮ ಅಳತೆ ಹೇಳ್ತೀರಾ? ಮುಂದಕ್ಕೆ ಹಾಕ್ಕೊಳ್ತೀನಿ," ಎಂದು ಪೆನ್ಸಿಲು ಕೇಳಿ ತೆಗೆದುಕೊಂಡರು.

ನಾನು ಆಗಸ್ಟ್ ಕೊನೆಯಿಂದ ಒಂದೊಂದೇ ಅಳತೆ ಓದುತ್ತಾ ಹೋದೆ. ಅವರು ಚುಕ್ಕೆ ಇಡುತ್ತಾ ಹೋದರು. ಒಂದು ಚುಕ್ಕೆ ಸ್ವಲ್ಪ ಮೇಲಾಯಿತೆಂದು ಮಾವ ತಿದ್ದಿದರು, ಅವರು ಅಳಿಸಿ ಸರಿಯಾಗಿ ಇಟ್ಟರು. ಉಳಿದವರು ಕುರ್ಚಿ ಬಿಟ್ಟು ಬಂದು ಮೇಜಿನ ಸುತ್ತ ನಿಂತರು. ನವೆಂಬರಿನ ಕೊನೆಯ ಚುಕ್ಕೆ ಇಟ್ಟು, ಎಲ್ಲವನ್ನೂ ಕೂಡಿಸಿ ಗೆರೆ ಎಳೆದು, ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಖಾಲಾಗೆ ತಮ್ಮ ಕೈಯಾರೆ ಚಹಾ ತಂದುಕೊಟ್ಟರು. ಸಕ್ಕರೆ ಕಡಿಮೆಯಾಯಿತೆಂದು ಖಾಲಾ ಹೇಳಿದರು, ಪ್ರೊಫೆಸರು ಮತ್ತೆ ಹೋಗಿ ತಂದರು.

ಹಿಂದಿರುಗುವಾಗ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದೆವು. ಯಾರೋ ಒಬ್ಬರು ಜೇಡ ಎನ್ನುವುದು, ಮೂವರೂ ನಗುವುದು, ಶಿಡ್ಲಘಟ್ಟದವರೆಗೂ ಅಷ್ಟೇ.

ಎರಡು ವರ್ಷದ ನಂತರ ಜಾತಕ ಕೇಳದ ಒಬ್ಬರನ್ನು ಮದುವೆಯಾಗಿ ನಾನು ಗೌರಿಬಿದನೂರಿಗೆ ಹೋದೆ. ದುರ್ಬೀನು ತಾರಸಿ ಬಿಟ್ಟು ಕದಲಲಿಲ್ಲ. ಮಾವ ತಿಂಗಳಲ್ಲಿ ಹತ್ತು ದಿನ ಅಲ್ಲೇ ಇರುತ್ತಿದ್ದರು. ೧೯೯೫ರ ಆರಂಭದಲ್ಲಿ ಮಂಗಳ ಮತ್ತೆ ಸಂಜೆಯ ಆಕಾಶಕ್ಕೆ ಬಂದಾಗ ಅದರ ಉತ್ತರ ಧ್ರುವ ನಮ್ಮ ಕಡೆ ವಾಲಿತ್ತು. ಅಲ್ಲಿ ಆಗ ವಸಂತ. ಅಂದರೆ ಇನ್ನೊಂದು ಹಿಮ, ಇನ್ನೊಂದು ಗ್ರಾಫು. ಖಾಲಾ ಮತ್ತು ಮಾವ ಅಳೆಯುವುದು, ಅಪ್ಪ ಹಾಕಿಸಿದ್ದ ಫೋನಿನಲ್ಲಿ ಅಂಕಿಗಳನ್ನು ಹೇಳುವುದು, ನಾನು ಬರೆದುಕೊಂಡು ಭಾಗಿಸುವುದು ಎಂದು ಗೊತ್ತಾಯಿತು. ಗೌರಿಬಿದನೂರಿನ ನಮ್ಮ ಮನೆಯಲ್ಲಿ ಫೋನಿರಲಿಲ್ಲ. ವಾರಕ್ಕೊಮ್ಮೆ ಬಸ್‌ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದೆ.

"ನಾಲ್ಕೂವರೆ," ಎಂದು ಅತ್ತ ಕಡೆಯಿಂದ ಖಾಲಾ ಮೊದಲು ಹಿಮದ ಅಳತೆ ಕೂಗುತ್ತಿದ್ದರು. ಫೋನಿನಲ್ಲಿ ಅವರು ಯಾವಾಗಲೂ ಕೂಗುತ್ತಿದ್ದರು.

"ನಾಲ್ಕೂವರೆ," ಎಂದು ನಾನೂ ಕೂಗಿ ಬರೆದುಕೊಳ್ಳುತ್ತಿದ್ದೆ. ಆಮೇಲೆ ಇಡೀ ಬಿಂಬದ್ದು.

"ಹದಿನೈದು."

"ಹದಿನೈದು."

ಮೂರನೆಯ ವಾರ ಬೂತಿನ ಯಜಮಾನ ನನ್ನನ್ನು ಪಕ್ಕಕ್ಕೆ ಕರೆದ. "ಮೇಡಂ, ನೀವು ಟೀಚರು. ನಾನು ಹೇಳೋದು ತಪ್ಪು. ಆದ್ರೆ ಓಸಿ ನಂಬರ್ ಆಡೋರು ಇಲ್ಲಿಂದ ಮಾಡಿದ್ರೆ ಪೊಲೀಸ್ನೋರು ನನ್ನ ಹಿಡ್ಕೊಂಡು ಹೋಗ್ತಾರೆ."

"ಇದು ಮಟ್ಕಾ ಅಲ್ಲಪ್ಪ. ಹಿಮದ ಅಳತೆ."

"ಹಿಮಾನಾ? ಯಾವ ಊರಲ್ಲಿ?"

ಅವನನ್ನು ಬೂತಿನ ಹೊರಗೆ ಕರೆದುಕೊಂಡು ಬಂದು, ಎದುರಿನ ನೀರಿನ ಟ್ಯಾಂಕಿನ ಮೇಲ್ಗಡೆ ಹೊಳೆಯುತ್ತಿದ್ದ ಕೆಂಪು ಚುಕ್ಕೆ ತೋರಿಸಿ, ಅಲ್ಲಿನ ಹಿಮ ವಾರ ವಾರ ಕರಗುವುದನ್ನು ಅಳೆಯುತ್ತಿದ್ದೇವೆ ಎಂದೆ. ಅವನು ನನ್ನ ಬೆರಳನ್ನೂ ಆಕಾಶವನ್ನೂ ನೋಡಿದ. ಒಳಗೆ ಸಾಲಿನಲ್ಲಿದ್ದವರು ತಡವಾಗುತ್ತಿದೆಯೆಂದು ಕೂಗಿದರು.

"ಇರ್ರಪ್ಪ ಒಂದ್ ನಿಮಿಷ," ಎಂದ ಅವನು ಕಣ್ಣು ಕೆಳಗಿಳಿಸದೆ. "ಮೇಡಂ, ಅಲ್ಲಿ ಈ ವಾರ ಎಷ್ಟು ಕರಗಿದೆ ಅಂದ್ರಿ?"